ವಾಲೈ ಮೀನಿಗೆ ಯಾವ ಎರೆ?

ಮೇ ತಿಂಗಳ ಮಧ್ಯದ ಒಂದು ಶನಿವಾರ, ನಡುರಾತ್ರಿ ಹನ್ನೆರಡು ಕಳೆಯುತ್ತಿದ್ದಂತೆ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ವಾಲೈ ಮೀನು ಹಿಡಿಯುವ ಕಾಲ ಶುರುವಾಗುತ್ತದೆ. ಹಿಂದಿನ ದಿನ ಮಧ್ಯಾಹ್ನದಿಂದಲೇ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋಗುವ ರಸ್ತೆಗಳಲ್ಲಿ ದೋಣಿ ಎಳೆದುಕೊಂಡು ಹೊರಟ ಗಾಡಿಗಳ ಸಾಲು ಕಾಣುತ್ತದೆ. ಅಂದು ರಾಜ್ಯದ ಗವರ್ನರ್ ಕೂಡ ಗಾಳ ಹಿಡಿದು ಕೂರುವ ಸಂಪ್ರದಾಯ 1948ರಿಂದ ನಡೆದುಬಂದಿದೆ. ವಾಲೈ 1965ರಿಂದ ಆ ರಾಜ್ಯದ ಅಧಿಕೃತ ಮೀನು. ಕೆನಡಾದ ಗಡಿಗೆ ಅಂಟಿಕೊಂಡಿರುವ ಬಾಡೆಟ್ ಎಂಬ ಊರಿನಲ್ಲಿ 1959ರಲ್ಲಿ ಕಟ್ಟಿದ ನಲವತ್ತು ಅಡಿ ಉದ್ದದ ವಾಲೈ ಪ್ರತಿಮೆ ಇದೆ. ಓಹಿಯೊ ರಾಜ್ಯದ ಪೋರ್ಟ್ ಕ್ಲಿಂಟನ್ ಊರಿನವರು ಹೊಸ ವರ್ಷವನ್ನು ಬರಮಾಡಿಕೊಳ್ಳುವುದೇ ಫೈಬರ್‌ಗ್ಲಾಸಿನ ದೊಡ್ಡ ವಾಲೈಯೊಂದನ್ನು ಮೇಲಿಂದ ಇಳಿಸಿ.

ಇಷ್ಟು ಅಕ್ಕರೆಯ ಮೀನಿನ ವಿಷಯದಲ್ಲಿ ಜಗಳವಿಲ್ಲದೆ ಇರುತ್ತದೆಯೇ? ಗಾಳದ ತುದಿಗೆ ಏನು ಸಿಕ್ಕಿಸಬೇಕು ಎಂಬುದೇ ಆ ಜಗಳ. ಒಂದು ಪಕ್ಷದವರು ಎರೆಹುಳು, ಜಿಗಣೆ, ಮರಿಮೀನುಗಳ ಡಬ್ಬಿ ಇಲ್ಲದೆ ದೋಣಿ ಹತ್ತುವುದಿಲ್ಲ. ಇನ್ನೊಂದು ಪಕ್ಷದವರ ಪೆಟ್ಟಿಗೆಯಲ್ಲಿ ಇರುವುದೆಲ್ಲ ಮರ, ಪ್ಲಾಸ್ಟಿಕ್, ಸೀಸ, ಗರಿ, ರೋಮಗಳಿಂದ ಮಾಡಿದ ಕೃತಕ ಎರೆ. ಇಬ್ಬರೂ ಮೀನು ಹಿಡಿದೇ ಮನೆಗೆ ಬರುತ್ತಾರೆ ಎನ್ನುವುದೇ ಈ ವಾದ ಮುಗಿಯದಿರಲು ಕಾರಣ. ಮಿನ್ನೆಸೋಟ, ಮಿಷಿಗನ್, ಒಂಟಾರಿಯೊ ಕಡೆ ನೆಲೆಸಿರುವ ಕನ್ನಡಿಗರಲ್ಲೂ ಬೇಸಿಗೆಯ ವಾರಾಂತ್ಯಕ್ಕೆ ಲೈಸೆನ್ಸ್ ಮಾಡಿಸಿ ಕೆರೆಗೆ ಇಳಿಯುವವರು ಇದ್ದಾರೆ. ಅಂಗಡಿಯಲ್ಲಿ ಅವರಿಗೂ ಎದುರಾಗುವ ಮೊದಲ ಪ್ರಶ್ನೆ ಇದೇ.

ಎರೆಯ ಮಾತಿಗೆ ಬರುವ ಮುನ್ನ ಮೀನಿನ ಸ್ವಭಾವ ತಿಳಿದಿರಬೇಕು. ವಾಲೈ ಪರ್ಚ್ ಕುಟುಂಬಕ್ಕೆ ಸೇರಿದ ಬೇಟೆಗಾರ ಮೀನು. ಅದರ ಬಲವೆಲ್ಲ ಕಣ್ಣಿನಲ್ಲಿದೆ. ರಾತ್ರಿ ಟಾರ್ಚ್ ಬಿಟ್ಟಾಗ ಹಸುವಿನ ಕಣ್ಣು ಹೊಳೆಯುತ್ತದಲ್ಲ, ಹಾಗೆಯೇ ವಾಲೈಯ ಕಣ್ಣೂ ಹೊಳೆಯುತ್ತದೆ. ರೆಟಿನಾದ ಹಿಂದಿರುವ ಪದರವೊಂದು ಬೆಳಕನ್ನು ಮರಳಿಸಿ, ಮಬ್ಬಿನಲ್ಲೂ ಅದಕ್ಕೆ ಕಾಣುವಂತೆ ಮಾಡುತ್ತದೆ. ಆದ್ದರಿಂದ ಮುಂಜಾವು, ಮುಸ್ಸಂಜೆ, ಮೋಡ ಕವಿದ ಹೊತ್ತು, ಗಾಳಿಗೆ ನೀರು ಅಲೆಯೆದ್ದು ಬೆಳಕು ಚದುರುವ ಸಮಯ ಇವೆಲ್ಲ ಅದರ ಊಟದ ವೇಳೆ. ತಾನು ಬೇಟೆಯಾಡುವ ಸಣ್ಣ ಮೀನಿಗೆ ಕಾಣದಷ್ಟು ಕತ್ತಲಿದ್ದಾಗ ತನಗೆ ಕಾಣುತ್ತದೆ ಎನ್ನುವುದೇ ಅದರ ಮೇಲುಗೈ. ನಡುಹಗಲಿನಲ್ಲಿ ಆಳಕ್ಕೋ ಜೊಂಡಿನ ನೆರಳಿಗೋ ಸರಿದು ಸುಮ್ಮನಾಗುತ್ತದೆ. ಹಸಿದು ಅಲೆಯುವ ಮೀನಿಗೂ ಹೊಟ್ಟೆ ತುಂಬಿ ಮಲಗಿದ ಮೀನಿಗೂ ಒಂದೇ ಎರೆ ನಡೆಯುವುದಿಲ್ಲ. ಎರಡು ಪಕ್ಷಗಳ ವಾದವೂ ಹುಟ್ಟುವುದು ಈ ವ್ಯತ್ಯಾಸದಿಂದ.

ಮೊದಲು ಜೀವಂತ ಎರೆಯವರ ಮಾತು ಕೇಳೋಣ. ಅವರದು ಋತುಮಾನಕ್ಕೆ ತಕ್ಕ ಅಡುಗೆ. ಮೊಟ್ಟೆಯಿಟ್ಟು ದಣಿದ ಮೀನು ತಣ್ಣನೆಯ ನೀರಿನಲ್ಲಿ ನಿಧಾನವಾಗಿ ಓಡಾಡುವ ಮೇ ತಿಂಗಳಲ್ಲಿ ಮರಿಮೀನು. ನೀರು ಬೆಚ್ಚಗಾಗುತ್ತಿದ್ದಂತೆ ಜಿಗಣೆ. ನಡುಬೇಸಿಗೆಯಲ್ಲಿ ಎರೆಹುಳು. ಎಲೆ ಉದುರುವ ಹೊತ್ತಿಗೆ ಮತ್ತೆ ಮರಿಮೀನು, ಈ ಸಲ ಸ್ವಲ್ಪ ದೊಡ್ಡದು. ಜಿಗಣೆ ಎಂದೊಡನೆ ಮಲೆನಾಡಿನವರಿಗೆ ಕಾಲಿಗೆ ಹತ್ತುವ ಇಂಬಳ ನೆನಪಾಗಬಹುದು. ಅಲ್ಲಿ ಎರೆಯಾಗಿ ಮಾರುವ ಜಿಗಣೆ ಮನುಷ್ಯರ ರಕ್ತ ಹೀರುವ ಜಾತಿಯದಲ್ಲ. ಹೊಂಡಗಳಲ್ಲಿ ಬೋನಿಟ್ಟು ಹಿಡಿದು ತರುವ ಈ ಜಿಗಣೆ ಗಾಳದ ಮೇಲೆ ರಿಬ್ಬನ್ನಿನಂತೆ ಅಲೆಅಲೆಯಾಗಿ ಈಜುತ್ತಲೇ ಇರುತ್ತದೆ.

ಈ ಈಜೇ ಅವರ ವಾದದ ತಿರುಳು. ಗಾಳ ಕದಲದೆ ನಿಂತಿದ್ದರೂ ಎರೆ ಕದಲುತ್ತದೆ, ಅದರ ವಾಸನೆಯೂ ರುಚಿಯೂ ನೀರಿಗೆ ಬೆರೆಯುತ್ತದೆ. ಹಸಿವಿಲ್ಲದ ವಾಲೈಯ ಮುಂದೆ ಕೃತಕ ಎರೆ ಸರ್ರನೆ ಹಾದುಹೋದರೆ ಅದು ತಿರುಗಿಯೂ ನೋಡದೆ ಇರಬಹುದು. ಮೂಗಿನ ಮುಂದೆಯೇ ಜಿಗಣೆಯೊಂದು ಹೊರಳಾಡುತ್ತಿದ್ದರೆ ಎಷ್ಟು ಹೊತ್ತು ತಡೆದುಕೊಂಡೀತು? ಚಳಿಗಾಳಿ ಬೀಸಿ, ಆಕಾಶ ತಿಳಿಯಾಗಿ, ಮೀನು ಬಾಯಿ ಬಿಡದ ದಿನಗಳಲ್ಲಿ ಹಳಬರು ಹುಳುವಿನ ಡಬ್ಬಿಗೇ ಕೈಹಾಕುವುದು ಈ ಅನುಭವದಿಂದ. ರಾನ್ ಮತ್ತು ಆಲ್ ಲಿಂಡ್ನರ್ ಸಹೋದರರು ಮಿನ್ನೆಸೋಟದ ಬ್ರೇನರ್ಡ್‌ನಲ್ಲಿ ನೆಲೆಸಿ ಜನಪ್ರಿಯಗೊಳಿಸಿದ ‘ಲಿಂಡಿ ರಿಗ್’ ಹುಟ್ಟಿದ್ದೂ ಇದಕ್ಕಾಗಿಯೇ. ಅದರ ಸೀಸದ ತುಂಡಿನೊಳಗೆ ದಾರ ಸಲೀಸಾಗಿ ಜಾರುತ್ತದೆ. ಮೀನು ಎರೆಯನ್ನು ಬಾಯಿಗೆಳೆದುಕೊಂಡು ಸರಿದಾಗ ದಾರ ಜಾರುತ್ತದೆಯೇ ಹೊರತು ಸೀಸದ ಭಾರ ಮೀನಿಗೆ ತಟ್ಟುವುದಿಲ್ಲ. ಅನುಮಾನ ಬರದ ಮೀನು ಎರೆಯನ್ನು ಬಿಡುವುದೂ ಇಲ್ಲ.

ಹೊಸಬರಿಗೂ ಮಕ್ಕಳಿಗೂ ಇದು ಸುಲಭದ ದಾರಿ. ಬೆಂಡು ಕಟ್ಟಿ, ಕೆಳಗೆ ಜಿಗಣೆ ಸಿಕ್ಕಿಸಿ, ಕಲ್ಲುಹಾಸಿನ ಪಕ್ಕಕ್ಕೆ ಬಿಟ್ಟು ಕಾಯುತ್ತಾ ಕೂತರೆ ಆಯಿತು. ಎರೆಯನ್ನು ಕುಣಿಸುವ ವಿದ್ಯೆ ಬರಬೇಕಿಲ್ಲ. ಎರೆ ಜೀವ ಹಿಡಿದಿರುವವರೆಗೆ ಆ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ಈಗ ಕೃತಕ ಎರೆಯವರ ಸರದಿ. ಕಾಯುತ್ತಾ ಕೂರುವುದು ಮೀನು ಎಲ್ಲಿದೆ ಎಂದು ಗೊತ್ತಿರುವವನ ಕೆಲಸ, ಮೊದಲು ಹುಡುಕಬೇಡವೇ ಎಂಬುದು ಅವರ ಪ್ರಶ್ನೆ. ಅಮೆರಿಕ, ಕೆನಡಾಗಳ ನಡುವಿನ ಈರಿ ಸರೋವರ ಒಂದು ಕಡಲಿನ ಹಾಗೆ ಹರಡಿದೆ. ಅಲ್ಲಿ ವಾಲೈ ಹಿಂಡುಗಳು ಸಣ್ಣ ಮೀನಿನ ಗುಂಪುಗಳ ಬೆನ್ನುಹತ್ತಿ ನಡುನೀರಿನಲ್ಲಿ ಅಲೆಯುತ್ತವೆ. ಗಂಟೆಗೆ ಎರಡು ಮೈಲಿಯ ಆಸುಪಾಸಿನ ವೇಗದಲ್ಲಿ ದೋಣಿ ಓಡಿಸುತ್ತಾ, ಹಿಂದೆ ಮೀನಿನಾಕಾರದ ಹಲವು ಕ್ರ್ಯಾಂಕ್‌ಬೈಟ್‌ಗಳನ್ನು ಬೇರೆಬೇರೆ ಆಳದಲ್ಲಿ ಎಳೆದುಕೊಂಡು ಹೋದರೆ ಒಂದು ಬೆಳಗಿನಲ್ಲಿ ಮೈಲಿಗಟ್ಟಲೆ ನೀರನ್ನು ಸೋಸಬಹುದು. ನವೆಂಬರಿನ ಚಳಿರಾತ್ರಿಗಳಲ್ಲಿ ದೊಡ್ಡ ವಾಲೈಗಾಗಿ ಈರಿಗೆ ಇಳಿಯುವವರು ನಂಬುವುದು ಇದೇ ಉದ್ದನೆಯ ಕೃತಕ ಮೀನುಗಳನ್ನು.

ವೇಗಕ್ಕೆ ಇನ್ನೊಂದು ಗುಣವೂ ಇದೆ. ಬೆಚ್ಚಗಿನ ನೀರಿನಲ್ಲಿ ಮೀನಿನ ಮೈ ಚುರುಕಾಗಿರುತ್ತದೆ. ಥಟ್ಟನೆ ಎದುರಿಗೆ ಬಂದು ಹಾದುಹೋಗುವ ವಸ್ತುವಿನ ಮೇಲೆ ಹಸಿವಿಲ್ಲದಿದ್ದರೂ ಎರಗುವ ಹುಟ್ಟುಗುಣ ಬೇಟೆಗಾರ ಮೀನಿಗಿದೆ. ಆ ಹುಟ್ಟುಗುಣವನ್ನೇ ಕೆಣಕಿ ಹಿಡಿಯುವುದು ಕೃತಕ ಎರೆಯ ಕಲೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಹಿಮಗಡ್ಡೆಗೆ ಕೊರೆದ ತೂತಿನ ಕೆಳಗೆ ಆಡಿಸಲೆಂದು ಮಾಡಿದ ‘ಜಿಗ್ಗಿಂಗ್ ರ‍್ಯಾಪ್’ ಎಂಬ ಲೋಹದ ಮೀನನ್ನು ಈಗ ಬೇಸಿಗೆಯಲ್ಲೂ ನೆಲಕ್ಕೆ ಬಡಿದು ಎಗರಿಸುವವರಿದ್ದಾರೆ. ಹುಳುವನ್ನು ಮೂಸಿ ಬಿಟ್ಟ ಮೀನೂ ಅದಕ್ಕೆ ಬಾಯಿ ಹಾಕುವುದುಂಟು. ಬಣ್ಣದ ಲೆಕ್ಕವೂ ಬರಿಯ ಅಲಂಕಾರವಲ್ಲ. ವಾಲೈಯ ಕಣ್ಣು ಹಸಿರಿನಿಂದ ಕೆಂಪಿನವರೆಗಿನ ಬಣ್ಣಗಳನ್ನು ಚೆನ್ನಾಗಿ ಹಿಡಿಯುವುದರಿಂದಲೇ ಅಂಗಡಿಗಳ ಗೋಡೆ ತುಂಬ ಗಿಳಿಹಸಿರು, ಕಿತ್ತಳೆ ಎರೆಗಳು ತೂಗುವುದು.

ಕೃತಕ ಎರೆಯ ಅತ್ಯಂತ ಹೆಸರಾದ ಕಥೆಯೂ ಮಿನ್ನೆಸೋಟವನ್ನು ಹಾದೇ ಬರುತ್ತದೆ. ಫಿನ್ಲೆಂಡಿನ ಬಡ ಬೆಸ್ತ ಲೌರಿ ರಪಾಲ, ಗಾಯಗೊಂಡ ಸಣ್ಣ ಮೀನು ಓಲಾಡುತ್ತಾ ಈಜುವುದನ್ನೂ ದೊಡ್ಡ ಮೀನು ಅದನ್ನೇ ಆರಿಸಿ ನುಂಗುವುದನ್ನೂ ಗಮನಿಸಿ, 1936ರಲ್ಲಿ ಕಾರ್ಕ್ ಕೆತ್ತಿ ಅದೇ ಓಲಾಟದ ಎರೆ ಮಾಡಿದ. ಮೇಲ್ಮೈಗೆ ಸುತ್ತಿದ್ದು ಚಾಕೊಲೆಟ್ಟಿನ ಬೇಗಡೆ ಹಾಳೆ. ಮೆರುಗಿಗೆ ಬಳಸಿದ್ದು ಫೋಟೊ ನೆಗೆಟಿವ್ ಕರಗಿಸಿದ ದ್ರವ. ಅದನ್ನು ಅಮೆರಿಕದ ಮಾರುಕಟ್ಟೆಗೆ ತಂದವರು ಮಿನಿಯಾಪೊಲಿಸ್‌ನ ರಾನ್ ವೆಬರ್ ಮತ್ತು ರೇ ಆಸ್ಟ್ರಮ್. 1962ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆ ಈ ಎರೆಯ ಬಗ್ಗೆ ಬರೆಯಿತು. ಆ ಸಂಚಿಕೆಯ ಮುಖಪುಟದಲ್ಲಿದ್ದದ್ದು ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ. ದೇಶವೆಲ್ಲ ಆ ಸಂಚಿಕೆ ಓದಿತು, ರಪಾಲನ ಎರೆಗೆ ಬೇಡಿಕೆ ಮುಗಿಲು ಮುಟ್ಟಿತು. ಸಾಯುತ್ತಿರುವ ಮೀನಿನ ನಡಿಗೆಯನ್ನು ಕಾರ್ಕಿನ ತುಂಡಿಗೂ ಕಲಿಸಬಹುದು ಎಂದು ತೋರಿಸಿದ್ದು ಈ ಎರೆಯ ಹಿರಿಮೆ.

ಖರ್ಚಿನ ಲೆಕ್ಕದಲ್ಲಿ ಇಬ್ಬರೂ ಸ್ವಲ್ಪ ಸುಳ್ಳು ಹೇಳುತ್ತಾರೆ. ಒಂದು ಡಬ್ಬಿ ಹುಳುವಿಗೆ ಕೆಲವೇ ಡಾಲರು ನಿಜ, ಆದರೆ ಪ್ರತಿ ಸಲವೂ ಕೊಳ್ಳಬೇಕು. ಬಿಸಿಲಿಗೆ ಬಿಟ್ಟರೆ ಹುಳು ಸಾಯುತ್ತದೆ, ಗಾಳಿ ಹಾಯದಿದ್ದರೆ ಮರಿಮೀನು ಸಾಯುತ್ತದೆ. ಕೃತಕ ಎರೆ ವರ್ಷಗಟ್ಟಲೆ ಬಾಳುತ್ತದೆ ಎನ್ನುವ ಮಾತೂ ನಿಜ, ಬಂಡೆಗೆ ಸಿಕ್ಕಿ ದಾರ ಹರಿಯದಿದ್ದರೆ. ಮೇಲಾಗಿ ಒಂದು ಕೊಂಡವನು ಅದೇ ಎರೆಯ ಇನ್ನೊಂದು ಬಣ್ಣ ಕೊಳ್ಳದೆ ಬಿಟ್ಟದ್ದನ್ನು ಯಾರೂ ಕಂಡಿಲ್ಲ.

ಇಲ್ಲಿಯವರೆಗಿನದು ಮೀನು ಹಿಡಿಯುವ ಮಾತು. ಹಿಡಿದ ಮೀನನ್ನು ಮರಳಿ ಬಿಡುವಾಗ ಏನಾಗುತ್ತದೆ ಎಂಬಲ್ಲಿ ಈ ವಾದಕ್ಕೆ ತೂಕ ಬರುತ್ತದೆ. ವಾಲೈ ಇರುವ ಬಹಳಷ್ಟು ಸರೋವರಗಳಲ್ಲಿ ಎಷ್ಟು ಮೀನು, ಯಾವ ಅಳತೆಯ ಮೀನು ಮನೆಗೆ ಒಯ್ಯಬಹುದು ಎಂಬುದಕ್ಕೆ ಕಟ್ಟುಪಾಡುಗಳಿವೆ. ಮೊಟ್ಟೆಯಿಡುವ ದೊಡ್ಡ ಹೆಣ್ಣುಮೀನನ್ನು ಬಿಡಲೇಬೇಕಾದ ಕಡೆಗಳಿವೆ. ಬಿಟ್ಟ ಮೀನು ಬದುಕಿದರೆ ತಾನೆ ಆ ನಿಯಮಕ್ಕೆ ಅರ್ಥ? ಜೀವಂತ ಎರೆಯನ್ನು ವಾಲೈ ನಿಧಾನವಾಗಿ ನುಂಗುತ್ತದೆ. ಮೀನುಗಾರನೂ ದಾರ ಬಿಟ್ಟು ಕಾಯುತ್ತಾನೆ. ಅಷ್ಟರಲ್ಲಿ ಗಾಳ ಗಂಟಲಿಗೋ ಕಿವಿರಿಗೋ ಇಳಿದಿರುತ್ತದೆ. ಕೃತಕ ಎರೆಗೆ ಎರಗಿದ ಮೀನಿನ ತುಟಿಗೆ ಸಾಮಾನ್ಯವಾಗಿ ಗಾಳ ಕಚ್ಚುತ್ತದೆ, ಬಿಡಿಸುವುದೂ ಸುಲಭ. ಗಾಳ ಆಳಕ್ಕೆ ಇಳಿದ ಮೀನು ಸಾಯುವ ಸಂಭವ ಹೆಚ್ಚು, ನೀರು ಬಿಸಿಯಾದಷ್ಟೂ ಇನ್ನೂ ಹೆಚ್ಚು ಎಂಬುದು ಮಿನ್ನೆಸೋಟದ ಮಿಲ್ ಲಾಕ್ಸ್ ಸರೋವರದಲ್ಲೇ ನಡೆದ ಅಧ್ಯಯನದಲ್ಲಿ ಕಂಡಿದೆ.

ಆ ಸರೋವರದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಿನಿಯಾಪೊಲಿಸ್‌ನಿಂದ ಸುಮಾರು ನೂರು ಮೈಲಿ ಉತ್ತರಕ್ಕಿರುವ, 500 ಚದರ ಕಿಲೋಮೀಟರಿಗೂ ಮೀರಿ ಹರಡಿರುವ ಮಿಲ್ ಲಾಕ್ಸ್ ವಾಲೈಗೆ ಬಹು ಹೆಸರಾದ ನೀರು. 1837ರ ಒಪ್ಪಂದದಂತೆ ಅಲ್ಲಿ ಮೀನು ಹಿಡಿಯುವ ಹಕ್ಕು ಒಜಿಬ್ವೆ ಮೂಲನಿವಾಸಿಗಳಿಗೆ ಈಗಲೂ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಅಂದಿನಿಂದ ವರ್ಷಕ್ಕೆ ಇಷ್ಟು ಮೀನು ಎಂದು ನಿಗದಿಪಡಿಸಿ, ಮೂಲನಿವಾಸಿಗಳ ಪಾಲು ಮತ್ತು ರಾಜ್ಯದ ಗಾಳಗಾರರ ಪಾಲು ಎಂದು ಹಂಚುತ್ತಾರೆ. ಬಿಟ್ಟ ಮೇಲೆ ಸತ್ತಿರಬಹುದಾದ ಮೀನಿನ ಅಂದಾಜು ತೂಕವೂ ರಾಜ್ಯದ ಪಾಲಿನಲ್ಲಿ ಖರ್ಚು ಬೀಳುತ್ತದೆ. ಮನೆಗೆ ಒಂದು ಮೀನೂ ಒಯ್ಯದೆಯೇ ಪಾಲು ಮುಗಿದುಹೋಗಬಹುದು ಎಂದರ್ಥ.

ಎಳೆಯ ವಾಲೈಗಳು ಬದುಕಿ ಬೆಳೆಯುವುದು ಕಡಿಮೆಯಾಗಿ ಮೀನಿನ ಸಂಖ್ಯೆ ಕುಸಿದಾಗ, 2015ರ ಆಗಸ್ಟ್ ಆರಂಭದಲ್ಲೇ ಅಲ್ಲಿ ವಾಲೈ ಹಿಡಿಯುವುದನ್ನು ನಿಲ್ಲಿಸಿದರು. 2016ರಲ್ಲಿ ಹಿಡಿದು ಬಿಡುವುದಕ್ಕೆ ಮಾತ್ರ ಅವಕಾಶ ಕೊಟ್ಟು, ವಾಲೈಗೆ ಜೀವಂತ ಎರೆ ಹಾಕುವುದನ್ನು ನಿಷೇಧಿಸಿದರು. ನಿಯಮದ ತರ್ಕ ಸರಳ: ಗಂಟಲಿಗಿಳಿಯುವ ಗಾಳ ಕಡಿಮೆಯಾದರೆ ಸಾಯುವ ಮೀನು ಕಡಿಮೆ. ಆದರೆ ದಡದಲ್ಲಿ ಹುಳು, ಜಿಗಣೆ, ಮರಿಮೀನು ಮಾರಿ ಬದುಕುವ ಅಂಗಡಿಯವನ ಕಡೆಯಿಂದ ನೋಡಿದರೆ ಅದು ವರ್ಷದ ಗಳಿಕೆಗೆ ಬಿದ್ದ ಕೊಡಲಿ. ಜೀವಂತ ಎರೆಯ ಬೇಟೆ ಬಿಟ್ಟು ಬೇರೆ ಗೊತ್ತಿಲ್ಲದ ಗಿರಾಕಿಗಳು ಬೇರೆ ಸರೋವರ ಹುಡುಕಿಕೊಳ್ಳುತ್ತಾರೆ ಎಂಬ ಭಯವೂ ಇತ್ತು. ಮುಂದೆ ಆ ನಿಷೇಧ ತೆರವಾಯಿತು.

ಈ ಅಂಶದಲ್ಲಿ ಕೃತಕ ಎರೆಗೆ ಪೂರಾ ಅಂಕ ಕೊಡುವ ಮುನ್ನ ಮೂರು ಮಾತು ಗಮನಿಸಬೇಕು. ಕ್ರ್ಯಾಂಕ್‌ಬೈಟಿಗೆ ಸಾಮಾನ್ಯವಾಗಿ ಮೂರು ಮುಳ್ಳಿನ ಗಾಳ ಎರಡು ಇರುತ್ತವೆ. ಒಂದು ತುಟಿಗೆ ಸಿಕ್ಕರೆ ಇನ್ನೊಂದು ಕಣ್ಣಿಗೋ ಕಿವಿರಿಗೋ ತಾಗಬಹುದು, ಬಿಡಿಸುವ ಹೊತ್ತಿಗೆ ಮೀನು ನೀರಿನ ಹೊರಗೆ ಬಹಳ ಕಾಲ ಒದ್ದಾಡಿರುತ್ತದೆ. ಎರಡನೆಯದಾಗಿ, ಮೂವತ್ತು ಅಡಿಗೂ ಹೆಚ್ಚು ಆಳದಿಂದ ಸರ್ರನೆ ಮೇಲೆಳೆದ ಮೀನಿನ ಗಾಳಿಚೀಲ ಉಬ್ಬುತ್ತದೆ. ಅಂಥ ಮೀನಿಗೆ ಎರೆ ಯಾವುದಾಗಿದ್ದರೂ ಅಪಾಯವೇ. ಮೂರನೆಯದಾಗಿ, ಮೇ ತಿಂಗಳ ತಣ್ಣೀರಿನಲ್ಲಿ ಜೀವಂತ ಎರೆಗೆ ಸಿಕ್ಕಿದ ಮೀನೂ ಬಹುಪಾಲು ಬದುಕುತ್ತದೆ. ಬಾಗಿದ ತುದಿಯ ಸರ್ಕಲ್ ಗಾಳ ಬಳಸಿ, ದಾರ ಸರಿದ ಕೂಡಲೇ ಬಿಗಿ ಮಾಡುವವನ ಹುಳು ಗಂಟಲಿಗೆ ಇಳಿಯುವುದು ಅಪರೂಪ. ದೋಷ ಎರೆಯದಷ್ಟೇ ಅಲ್ಲ, ಕಾಯುವ ಕೈಯದೂ ಹೌದು.

ನೀರಿನ ಆಚೆಗೂ ಈ ಆಯ್ಕೆಯ ಪರಿಣಾಮ ಹರಡುತ್ತದೆ. ಹಿಮಯುಗದ ಮಂಜಿನ ಹಾಸು ಹಿಂದೆ ಸರಿದ ಮಿನ್ನೆಸೋಟದ ನೆಲದಲ್ಲಿ ಸ್ಥಳೀಯ ಎರೆಹುಳುಗಳೇ ಇರಲಿಲ್ಲ. ಈಗಿರುವುದೆಲ್ಲ ಯುರೋಪಿನಿಂದಲೂ ಏಷ್ಯಾದಿಂದಲೂ ಬಂದವು. ನಮ್ಮ ಹೊಲದಲ್ಲಿ ರೈತನ ಮಿತ್ರ ಎನಿಸಿಕೊಂಡ ಎರೆಹುಳು ಅಲ್ಲಿನ ಮೇಪಲ್ ಕಾಡಿನಲ್ಲಿ ಶತ್ರು. ಶತಮಾನಗಳಿಂದ ನಿಧಾನವಾಗಿ ಕೊಳೆಯುತ್ತಾ ಬಂದ ಎಲೆಯ ಹಾಸನ್ನು ಅದು ತಿಂದು ಮುಗಿಸಿ, ಎಳೆಗಿಡಗಳೂ ಕಾಡುಹೂಗಳೂ ಬೇರೂರದಂತೆ ಮಾಡುತ್ತದೆ. ಉಳಿದ ಹುಳುವನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ದಡದ ಪೊದೆಗೆ ಸುರಿಯುವುದು ಅಲ್ಲಿ ಉಪಕಾರವಲ್ಲ. ಮರಿಮೀನಿನ ಬಕೆಟ್ಟಿನ ನೀರಿನದು ಇನ್ನೊಂದು ಕಥೆ. 2005ರ ಹೊತ್ತಿಗೆ ಈರಿಯೂ ಸೇರಿದ ಮಹಾಸರೋವರಗಳಲ್ಲಿ (ಗ್ರೇಟ್ ಲೇಕ್ಸ್) ಕಾಣಿಸಿಕೊಂಡ ವಿಎಚ್‌ಎಸ್ ಎಂಬ ವೈರಸ್ ರೋಗ ಹಲವು ಜಾತಿಯ ಮೀನುಗಳನ್ನು ಕೊಂದಿತು. ಒಂದು ಕೆರೆಯ ಮರಿಮೀನೂ ಬಕೆಟ್ಟಿನ ನೀರೂ ಇನ್ನೊಂದು ಕೆರೆಗೆ ಹೋದರೆ ರೋಗವೂ ಹೊರಗಿನ ಜೀವಿಗಳೂ ಜೊತೆಗೆ ಹೋಗುತ್ತವೆ. ಆದ್ದರಿಂದ ಮಿನ್ನೆಸೋಟದಲ್ಲಿ ದಡ ಬಿಡುವ ಮುನ್ನ ಬಕೆಟ್ಟಿನ ನೀರು ಚೆಲ್ಲಬೇಕು, ಬೇಡವಾದ ಎರೆ ಕಸದ ಡಬ್ಬಿಗೆ ಹೋಗಬೇಕು. ಕ್ವಿಬೆಕ್ ಪ್ರಾಂತ್ಯ 2017ರಲ್ಲಿ ಜೀವಂತ ಮೀನನ್ನು ಎರೆಯಾಗಿ ಬಳಸುವುದನ್ನೇ ನಿಲ್ಲಿಸಿತು. ಒಂಟಾರಿಯೊದ ಕ್ವೆಟಿಕೊ ಅರಣ್ಯಧಾಮದಲ್ಲಿ ಕೃತಕ ಎರೆಗೆ ಮಾತ್ರ ಅವಕಾಶ. ಅಲ್ಲಿಗೆ ದೋಣಿಗೆ ಹುಟ್ಟು ಹಾಕುತ್ತಾ ಹೋದವರು ವಾಲೈ ಹಿಡಿಯುತ್ತಲೇ ಇದ್ದಾರೆ.

ಕೃತಕ ಎರೆಯ ಕೈಯೂ ಪೂರಾ ಶುದ್ಧವಲ್ಲ. ಮೆದು ಪ್ಲಾಸ್ಟಿಕ್ಕಿನ ಹುಳುಗಳು ಹರಿದು ಕೆರೆಯ ತಳ ಸೇರುತ್ತವೆ, ಕೊಳೆಯುವುದಿಲ್ಲ. ಸೀಸದ ತಲೆಯ ಗಾಳವಾದ ಜಿಗ್ಗನ್ನು ನುಂಗಿದ ಲೂನ್ ಹಕ್ಕಿ ವಿಷವೇರಿ ಸಾಯುತ್ತದೆ. ಆ ಲೂನ್ ಮಿನ್ನೆಸೋಟದ ರಾಜ್ಯಪಕ್ಷಿ. ಜೀವಂತ ಎರೆಯವರೂ ಅದೇ ಸೀಸ ಕಟ್ಟುವುದರಿಂದ ಈ ಪಾಪ ಇಬ್ಬರ ತಲೆಗೂ ಬರುತ್ತದೆ. ತವರದ, ಟಂಗ್‌ಸ್ಟನ್ನಿನ ಜಿಗ್ಗುಗಳು ಸಿಗುತ್ತವೆ, ಬೆಲೆ ಸ್ವಲ್ಪ ಹೆಚ್ಚು.

ನೀರಿನ ಮೇಲೆ ಕೂತವರು ಈ ಪಕ್ಷಗಳನ್ನು ಮಾತಿನಲ್ಲಿ ಇಟ್ಟುಕೊಂಡಷ್ಟು ಕಟ್ಟುನಿಟ್ಟಾಗಿ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬಣ್ಣದ ಜಿಗ್ಗಿಗೆ ಮರಿಮೀನು ಸಿಕ್ಕಿಸುವುದು, ತಿರುಗುವ ಲೋಹದ ತಗಡಿನ ಹಿಂದೆ ಎರೆಹುಳು ಕಟ್ಟಿ ಎಳೆಯುವುದು ವಾಲೈ ಬೇಟೆಯಲ್ಲಿ ದಿನನಿತ್ಯದ ಮಾತು. ಚಳಿಗಾಲದಲ್ಲಿ ಮಿನ್ನೆಸೋಟದ ಕಾನೂನು ಒಬ್ಬರಿಗೆ ಎರಡು ದಾರ ಬಿಡಲು ಒಪ್ಪುತ್ತದೆ. ಹಿಮಗಡ್ಡೆಯ ಒಂದು ತೂತಿನಲ್ಲಿ ಚಮಚದಾಕಾರದ ಲೋಹದ ಎರೆ (ಸ್ಪೂನ್) ಕುಣಿಯುತ್ತಿರುತ್ತದೆ, ಪಕ್ಕದ ತೂತಿನಲ್ಲಿ ಮರಿಮೀನೊಂದು ಸುಮ್ಮನೆ ಈಜುತ್ತಿರುತ್ತದೆ. ಹೊಳಪು ನೋಡಿ ಬಂದ ಮೀನು ಅನುಮಾನಿಸಿ ನಿಂತರೆ ಪಕ್ಕದ ಮರಿಮೀನಿಗೆ ಬಾಯಿ ಹಾಕುತ್ತದೆ. ಕರೆಯುವುದು ಒಂದು, ಒಪ್ಪಿಸುವುದು ಇನ್ನೊಂದು.

ಕರ್ನಾಟಕದ ಗಾಳಗಾರರಿಗೂ ಈ ಚರ್ಚೆ ತೀರಾ ಹೊಸತಲ್ಲ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದ ಕಾಲದಲ್ಲಿ ಹದವಾಗಿ ಬೇಯಿಸಿದ ರಾಗಿ ಮುದ್ದೆಯನ್ನು ಗಾಳಕ್ಕೆ ಮೆತ್ತುವವರೂ, ಹೊಳೆಯುವ ಲೋಹದ ಸ್ಪೂನ್ ಎಸೆಯುವವರೂ ಇದ್ದರು. ಹಿಡಿದದ್ದನ್ನು ತೂಗಿ, ಫೋಟೊ ತೆಗೆದು ಹೊಳೆಗೇ ಬಿಡುವುದು ಅಲ್ಲಿನ ರೂಢಿಯಾಗಿತ್ತು. ಹಿಡಿದ ಮೀನಿನ ಗತಿ ಏನು ಎಂಬ ಪ್ರಶ್ನೆ ಅಲ್ಲೂ ಎರೆಯ ಪ್ರಶ್ನೆಯ ಜೊತೆಗೇ ಇತ್ತು.

ನನ್ನ ತೀರ್ಮಾನವೂ ಆ ಪ್ರಶ್ನೆಯನ್ನೇ ಹಿಡಿದು ನಿಲ್ಲುತ್ತದೆ. ಯಾವುದಕ್ಕೆ ಹೆಚ್ಚು ಮೀನು ಬೀಳುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ತಣ್ಣೀರಿಗೆ, ಮಂಕಾದ ಮೀನಿಗೆ, ಹೊಸ ಕೈಗೆ ಜೀವಂತ ಎರೆ ಮೇಲು. ಬೆಚ್ಚಗಿನ ನೀರಿಗೆ, ವಿಶಾಲ ಸರೋವರಕ್ಕೆ, ಅಲೆಯುವ ಹಿಂಡಿಗೆ ಕೃತಕ ಎರೆ ಮೇಲು. ಮನೆಮಂದಿಗೆ ಒಂದು ಹೊತ್ತಿನ ಸಾರಿಗೆ, ನಿಯಮ ಒಪ್ಪುವಷ್ಟು ಮೀನು ಒಯ್ಯಲು ಹೊರಟವರು ಹುಳುವಿನ ಡಬ್ಬಿ ಹಿಡಿಯಲಿ. ಸಾಕಾದಷ್ಟು ಸಿಕ್ಕ ಕೂಡಲೇ ಗಾಳ ಎತ್ತಲಿ, ಉಳಿದ ಎರೆಯನ್ನು ಕಸದ ಡಬ್ಬಿಗೇ ಹಾಕಲಿ. ಹಿಡಿದು ಬಿಡುವ ಖುಷಿಗೆ ಹೊರಟವರು, ಅದರಲ್ಲೂ ಜುಲೈ ಆಗಸ್ಟಿನ ಬಿಸಿ ನೀರಿನಲ್ಲಿ, ಜೀವಂತ ಎರೆಯನ್ನು ದಡದಲ್ಲೇ ಬಿಟ್ಟು ಒಂಟಿ ಮುಳ್ಳಿನ, ಸೀಸವಿಲ್ಲದ ಕೃತಕ ಎರೆ ಕಟ್ಟುವುದು ಒಳ್ಳೆಯದು. ಎರೆ ಕೊಳ್ಳುವ ಮುನ್ನ ಆ ಸರೋವರದ ಆ ವರ್ಷದ ನಿಯಮವನ್ನೂ ಒಮ್ಮೆ ಓದಿಕೊಳ್ಳಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಅದು ಬೇರೆಯಾಗುತ್ತದೆ, ಒಂದೇ ಕೆರೆಯಲ್ಲೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.